ಹದಿನಾಲ್ಕು ಪುಟಗಳ ಅಂತರ

"ಎಂಬತ್ತಮೂರನೇ ಪುಟ ತೆಗಿ," ಅಂದರು ಪ್ರೂಫಜ್ಜ.

ಕತ್ತರಿ ಎಂಬ ಅಡ್ಡಹೆಸರಿನ ಹುಡುಗಿ ಆ ಪುಟ ತೆಗೆದಳು. ಪುಟದ ತುಂಬ ಗಾಳಿಯ ದಿಕ್ಕಿನ ಕೋಷ್ಟಕ. ಎಡಗಡೆ ತಿಂಗಳುಗಳು, ಬಲಗಡೆ ಬರೀ ಗೀಟು.

"ಇಲ್ಲಿ ಮೀನೆಣ್ಣೆ ಸುದ್ದಿ ಏನಾದ್ರೂ ಇದೆಯಾ?"

"ಇಲ್ಲ ಅಜ್ಜ."

"ಹಾಗಾದ್ರೆ ಸತ್ತವರು ಇದನ್ನ ಎಲ್ಲಿ ಓದಿದ್ರು?"

ಅಜ್ಜ ಬೆರಳಿಟ್ಟಿದ್ದು ಮೇಜಿನ ಮೇಲಿದ್ದ ಅಭಿಪ್ರಾಯ ಪತ್ರದ ಮೇಲೆ. 'ಎಂಬತ್ತಮೂರನೇ ಪುಟದಲ್ಲಿ ದೀಪಕ್ಕೆ ಮೀನೆಣ್ಣೆ ತುಂಬುವ ವಿವರ ಲೇಖಕರ ಸ್ವಂತದ್ದಲ್ಲ' ಎಂದು ಅಲ್ಲಿತ್ತು. ಕೆಳಗೆ, ಹಸ್ತಪ್ರತಿ ಓದಿದ ತಜ್ಞರಾದ ಪ್ರೊಫೆಸರರ ರುಜು. ರುಜುವಿನ ಕೆಳಗೆ, ಅವರು ತೀರಿಕೊಂಡು ಒಂಬತ್ತು ದಿನಗಳಾದ ಮೇಲಿನ ತಾರೀಖು.

ಪೇಟೆಯಲ್ಲಿ ಯಾರೂ ಅಚ್ಚು ಹಾಕಲಾರದ ಪಾಂಡಿತ್ಯದ ಪುಸ್ತಕಗಳಿಗೆ ಧನಸಹಾಯ ಕೊಡುವ ಕಚೇರಿ ಅದು. ಬಂದ ಹಸ್ತಪ್ರತಿಯನ್ನು ಇಬ್ಬರು ತಜ್ಞರು ಓದಿ ಆಗಬಹುದು ಅನ್ನಬೇಕು. ಬರೆದವರು ಯಾರೆಂದು ಓದಿದವರಿಗೆ, ಓದಿದವರು ಯಾರೆಂದು ಬರೆದವರಿಗೆ ತಿಳಿಯಕೂಡದು. ನಡುವೆ ಕೂತು ಹೆಸರು ತೆಗೆಯುವುದು ಅವಳ ಕೆಲಸ. ಹೆಸರಿನ ಪುಟ, ಅರ್ಪಣೆ, ಮುನ್ನುಡಿ, ಕೃತಜ್ಞತೆ ಎಲ್ಲ ಕಿತ್ತು, ಹಳೆಯ ಪುಟಸಂಖ್ಯೆಗೆ ಬಿಳಿ ಬಣ್ಣ ಬಳಿದು, ಹೊಸದಾಗಿ ಒಂದರಿಂದ ಸೀಲು ಒತ್ತುತ್ತಿದ್ದಳು. ಕಚೇರಿಯವರು ಅದಕ್ಕೆ ಬೋಳು ಪ್ರತಿ ಅನ್ನುತ್ತಿದ್ದರು. ಅವಳಿಗೆ ಕತ್ತರಿ ಅನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಸ್ವಂತ ಹೆಸರು ಹಿಡಿದು ಕರೆದವರು ಕಡಿಮೆ. ಕರೆದರೂ ಅವಳು ತಲೆಯೆತ್ತಿ ಉತ್ತರ ಕೊಡುವುದು ಇನ್ನೂ ಕಡಿಮೆ.

"ಈಗ ಇನ್ನೊಂದು ತೆಗಿ. ಹೆಸರಿರೋದು."

ಕಬ್ಬಿಣದ ಬೀರುವಿನಿಂದ ಆಗಷ್ಟೇ ತಂದಿಟ್ಟಿದ್ದ ಇಡೀ ಪ್ರತಿ. 'ದೀಪಸ್ತಂಭ ಕಾಯುವವರ ದಿನಚರಿಗಳು: ಒಂದು ಅಧ್ಯಯನ.' ಅವಳು ಎಂಬತ್ತಮೂರಕ್ಕೆ ಬಂದಳು. ಎರಡನೇ ಸಾಲಿನಲ್ಲೇ ಮೀನೆಣ್ಣೆ.

"ಬೋಳು ಪ್ರತಿಯಲ್ಲಿ ಇದೇ ಜಾಗ?"

"ಅರವತ್ತೊಂಬತ್ತು."

"ಎಷ್ಟು ಪುಟ ಕಿತ್ತಿದ್ದೆ?"

"ಹದಿನಾಲ್ಕು."

ಅಜ್ಜ ಭೂತಗನ್ನಡಿ ಕೆಳಗಿಟ್ಟರು. ಒಂದು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿ ಸವೆದ ಕಣ್ಣು ಅವರದ್ದು. ಪೊಲೀಸು, ಪೇಪರು ಎಂದು ಸುದ್ದಿಯಾಗಬಾರದೆಂದು ಕಚೇರಿಯವರು ಗುಟ್ಟಾಗಿ ಕರೆಸಿಕೊಂಡಿದ್ದರು. "ಎರಡನೇ ತಜ್ಞರ ಪತ್ರ ನೋಡಿದೆ. ಅವರ ಪುಟಸಂಖ್ಯೆಗಳೆಲ್ಲ ಬೋಳು ಪ್ರತಿಗೆ ಸರಿಯಾಗಿ ಕೂರ್ತವೆ. ಪ್ರೊಫೆಸರರದ್ದು ಒಂದೂ ಕೂರಲ್ಲ. ಬರೆದವರ ಕೈಲಿ ಇದ್ದಿದ್ದು ಹೆಸರಿರೋ ಪ್ರತಿ."

"ಅಂದ್ರೆ ಬೀರುವಿನೊಳಗೆ ಇದ್ದಿದ್ದು," ಅಂದರು ಮೇಡಂ ಬಾಗಿಲಿನಿಂದ.

ವಿಭಾಗದ ಮುಖ್ಯಸ್ಥೆ ಯಾವಾಗ ಬಂದು ನಿಂತಿದ್ದರೋ. ಅವರ ಹಿಂದೆ, ಗೋಡೆಗೆ ಅಂಟಿಕೊಂಡಂತೆ, ಮಾವ ನಿಂತಿದ್ದ.

ಕಚೇರಿಗೆ ಅವನು ಬೀಗಪ್ಪ. ಬೀರು ಅವನದು, ಟಪಾಲು ಅವನದು. ಹೊರಗೆ ಹೋಗುವ ಪಾರ್ಸೆಲ್ಲು, ಒಳಗೆ ಬರುವ ಪಾರ್ಸೆಲ್ಲು ಎರಡೂ ಅವನ ಕೈ ದಾಟಬೇಕು. ಅವಳಿಗೆ ಅವನು ಅಮ್ಮನ ತಮ್ಮ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆ ಮೂಲೆ ಸೇರಿದ್ದವಳನ್ನು ಕರೆತಂದು, 'ಇವಳು ಮಾತಾಡಲ್ಲ, ಆದ್ರೆ ಇವಳ ಕಣ್ಣು ತಪ್ಪಿಸೋಕಾಗಲ್ಲ' ಎಂದು ಈ ಮೇಜಿನ ಮುಂದೆ ಕೂರಿಸಿದವನು.

"ಬೀರುಗೆ ಎಷ್ಟು ಬೀಗದ ಕೈ?" ಮೇಡಂ ಕೇಳಿದರು.

"ಒಂದೇ."

"ಯಾರ ಹತ್ರ?"

"ನನ್ನ ಹತ್ರ."

"ಒಂದು ದಿನಕ್ಕಾದ್ರೂ ಬೇರೆಯವರಿಗೆ ಕೊಟ್ಟಿದ್ರಾ?"

ಹೌದು ಅನ್ನು ಮಾವ, ಎಂದು ಕತ್ತರಿ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸುಳ್ಳು ಹೇಳಿದರೆ ಅನುಮಾನ ನಾಲ್ಕು ಜನರಿಗೆ ಹಂಚಿಹೋಗುತ್ತದೆ.

"ಇಲ್ಲ ಮೇಡಂ."

ಮೇಡಂ ಹೆಸರಿರುವ ಪ್ರತಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮೂಲೆಗಳು ಮೆತ್ತಗಾಗಿದ್ದವು. ಅಲ್ಲಲ್ಲಿ ಅಂಚಿನಲ್ಲಿ ಪೆನ್ಸಿಲ್ ಚುಕ್ಕೆ. "ಬೀರು ಒಳಗೆ ಮಲಗಿರಬೇಕಾದ ಪ್ರತಿ. ಯಾರೋ ಕೂತು ಪಟ್ಟಾಗಿ ಓದಿದಾರೆ. ಪ್ರೊಫೆಸರರ ಪಾಲಿನ ಬೋಳು ಪ್ರತಿ ನೋಡಿದ್ರೆ ಇಸ್ತ್ರಿ ಮಾಡಿದ ಹಾಗಿದೆ. ಇನ್ನೇನು ಸಾಕ್ಷಿ ಬೇಕು ಅಜ್ಜ?"

"ನಂಗೆ ಇನ್ನೂ ಬೇಕು. ವಯಸ್ಸಾಯ್ತಲ್ಲ, ಬೇಗ ಹೊಟ್ಟೆ ತುಂಬಲ್ಲ."

"ಮೂರು ಗಂಟೆಗೆ ಸಮಿತಿ ಕೂರತ್ತೆ. ಇವರನ್ನ ಕೆಲಸದಿಂದ ತೆಗೆಯೋ ಕಾಗದ ಟೈಪಾಗಿದೆ. ಪೊಲೀಸರಿಗೆ ಕೊಡೋದಾ ಬೇಡವಾ ಅನ್ನೋದಷ್ಟೇ ಚರ್ಚೆ." ಮೇಡಂ ಮಾವನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ಮೂವತ್ತೊಂದು ವರ್ಷ ಕೆಲಸ ಮಾಡಿದೀರಿ. ಒಬ್ಬ ಸತ್ತ ಮನುಷ್ಯನ ರುಜು ಹಾಕಿ ಇನ್ಯಾರದೋ ಪುಸ್ತಕ ಮುಗಿಸ್ತೀರಾ? ಯಾಕೆ?"

ಮಾವ ನೆಲ ನೋಡುತ್ತಿದ್ದ. 

ಅಜ್ಜನ ಜೊತೆ ಪ್ರೊಫೆಸರರ ಮನೆಗೆ ಹೊರಡುವ ಮುಂಚೆ ಅವಳು ಅವನನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಮಾವ, ನೀನಲ್ಲ ಅಂತ ಹೇಳು. ಒಂದು ಸಲ ಹೇಳು ಸಾಕು."

"ತಿಂಡಿ ತಿಂದ್ಯಾ?"

"ಮಾವ!"

"ಆ ಮುದುಕನ ಜೊತೆ ಹೋಗಬೇಡ." ಅವನು ಆಚೀಚೆ ನೋಡಿದ. "ತಲೆನೋವು ಅಂತ ಹೇಳಿ ಮನೆಗೆ ಹೋಗು. ಅಮ್ಮನ ಹತ್ರ ಇರು. ನಂದು ನಾನು ನೋಡ್ಕೊಳ್ತೀನಿ."

ಅವಳು ಹೋದದ್ದು ಅಜ್ಜನ ಜೊತೆಗೇ.

*

ಪ್ರೊಫೆಸರರ ಮನೆ ಮೂರನೇ ಮಹಡಿಯಲ್ಲಿ. ಪ್ರತಿ ಮಹಡಿಗೂ ಅಜ್ಜ ನಿಂತು, ಸುಣ್ಣ ಬಳಿದ ಗೋಡೆಯನ್ನು ಪರೀಕ್ಷಿಸುವವರಂತೆ ನಟಿಸಿ ಉಸಿರು ತೆಗೆದುಕೊಂಡರು.

ಬಾಗಿಲು ತೆರೆದವರು ಪ್ರೊಫೆಸರರ ಹೆಂಡತಿ. ಕುಳ್ಳಗಿನ ಹೆಂಗಸು, ಬೆನ್ನು ಮಾತ್ರ ಸೆಟೆದಿತ್ತು. ಕಚೇರಿಯಿಂದ ಬಂದವರು ಎಂದ ಕೂಡಲೇ ಮುಖದ ಬಾಗಿಲು ಮುಚ್ಚಿಕೊಂಡಿತು.

ಓದುವ ಕೋಣೆಯಲ್ಲಿ ಕೂರಿಸಿದರು. ಮೂರು ಗೋಡೆಗೂ ಪುಸ್ತಕ. ದೊಡ್ಡ ಮೇಜು, ಅದರ ಎರಡು ಬದಿಗೆ ಎರಡು ಕುರ್ಚಿ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು.

"ಅಭಿಪ್ರಾಯ ಅವರು ಮೊದಲೇ ಬರೆದಿಟ್ಟಿದ್ರು," ಅಂದರು ಆಕೆ. "ನಾನು ಅಂಚೆಗೆ ಹಾಕಿದೆ ಅಷ್ಟೇ."

"ತಾರೀಖು ಅವರು ಹೋಗಿ ಒಂಬತ್ತು ದಿನ ಆದಮೇಲಿಂದು ತಾಯಿ."

"ಕೈತಪ್ಪು."

"ನಲವತ್ತು ವರ್ಷ ಕೈತಪ್ಪಿನಿಂದಲೇ ಅನ್ನ ತಿಂದವನು ನಾನು. ಕೈ ತಪ್ಪಿದ್ರೆ ಹಿಂದಿನ ತಾರೀಖು ಬೀಳತ್ತೆ. ಹೋದ ತಿಂಗಳು, ಹೋದ ವರ್ಷ. ಇನ್ನೂ ಬರದೇ ಇರೋ ದಿನಕ್ಕೆ ಕೈ ತಪ್ಪೋದನ್ನ ನಾನು ನೋಡಿಲ್ಲ."

"ನೋಡದೇ ಇರೋದು ಬೇಕಾದಷ್ಟಿರತ್ತೆ. ನೀವು ಹೊರಡಬಹುದು."

ಅಜ್ಜ ಕೋಲಿಗೆ ಕೈ ಹಾಕಿದರು. ಕತ್ತರಿ ಏಳಲಿಲ್ಲ. ಬಂದಾಗಿನಿಂದ ಅವಳ ಕಣ್ಣು ಮೇಜಿನ ಕೆಳಗೇ ಇತ್ತು. ಕಿಟಕಿ ಬದಿಯ ಕುರ್ಚಿಯ ಮುಂದೆ ಏನೂ ಇರಲಿಲ್ಲ. ಟೇಬಲ್ ದೀಪ ಇದ್ದ ಬದಿಯ ಕುರ್ಚಿಯ ಮುಂದೆ, ಕಾಲಿಡಲು ಒಂದು ಗಿಡ್ಡ ಮಣೆ. ಅದರ ಮೇಲೆ ಎರಡು ಪಾದ ಸವೆಸಿದ ಗುರುತು.

ಗೋಡೆಯ ಮೇಲಿನ ಫೋಟೋದಲ್ಲಿ ಪ್ರೊಫೆಸರರು ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಕಪ್ಪು ಕನ್ನಡಕ.

"ಅಮ್ಮಾ," ಅಂದಳು. ತನ್ನ ದನಿ ತನಗೇ ಅಪರಿಚಿತ ಅನ್ನಿಸಿತು. "ದೀಪದ ಹತ್ರ ಕೂತು ಓದ್ತಿದ್ದಿದ್ದು ನೀವಲ್ವಾ? ಅವರ ಕಾಲಿಗೆ ಮಣೆ ಬೇಕಿರಲಿಲ್ಲ."

ಆಕೆ ಮಣೆಯ ಕಡೆ ನೋಡಿದರು.

"ಇಷ್ಟು ಹೊತ್ತು ಇವಳು ಮೂಗಿ ಅಂದ್ಕೊಂಡಿದ್ದೆ," ಅಂದರು ಆಕೆ ಅಜ್ಜನಿಗೆ. ಆಮೇಲೆ ನಿಧಾನವಾಗಿ ಬಂದು ಆ ಕುರ್ಚಿಯಲ್ಲಿ ಕೂತರು. ಪಾದಗಳು ತಾವಾಗಿಯೇ ಮಣೆ ಹುಡುಕಿಕೊಂಡವು.

"ಅವರ ಕಣ್ಣು ಹೋಗಿ ಆರು ವರ್ಷ. ಯಾರಿಗೂ ಹೇಳಬೇಡ ಅಂದ್ರು. ಮೊದಮೊದಲು ನಾನು ಓದ್ತಿದ್ದೆ, ಅವರು ಹೇಳ್ತಿದ್ರು, ನಾನು ಬರೀತಿದ್ದೆ. ಆಮೇಲೆ ನಾನೇ ಹೇಳ್ತಿದ್ದೆ, ಅವರು ಹುಂ ಅಂತಿದ್ರು. ಕಡೆಕಡೆಗೆ ಹುಂ ಅನ್ನೋದೂ ನಿಂತುಹೋಯ್ತು."

"ರುಜು?"

"ಅದೂ ನಂದೇ. ಆರು ವರ್ಷದಿಂದ."

"ಎಷ್ಟು ಪುಸ್ತಕ ತಾಯಿ?"

"ಇಪ್ಪತ್ತಮೂರು. ಒಂದರಲ್ಲೂ ಅನ್ಯಾಯ ಮಾಡಿಲ್ಲ. ಒಂದೊಂದನ್ನೂ ಎರಡೆರಡು ಸಲ ಓದಿದೀನಿ. ನಿಮ್ಮ ಎಷ್ಟು ತಜ್ಞರು ಎರಡು ಸಲ ಓದ್ತಾರೆ?"

"ಒಂದು ಸಲ ಓದಿದ್ರೆ ಪುಣ್ಯ," ಅಂದರು ಅಜ್ಜ. "ಮತ್ತೆ ಈ ಇಪ್ಪತ್ತನಾಲ್ಕನೇದನ್ನ ಯಾಕೆ ಮುಗಿಸಿದ್ರಿ?"

ಆಕೆ ಮೇಜಿನ ಅಂಚನ್ನು ಉಗುರಿನಿಂದ ಗೀರುತ್ತಿದ್ದರು.

"ನಮ್ಮಪ್ಪ ದೀಪಸ್ತಂಭ ಕಾಯ್ತಿದ್ರು," ಅಂದರು. "ಆ ದಿನಚರಿಗಳ ನಡುವೆನೇ ನಾನು ಬೆಳೆದಿದ್ದು. ಮದುವೆ ಆದಮೇಲೂ ಒಂದೊಂದು ಸ್ತಂಭಕ್ಕೂ ಹೋಗಿ, ಕಾವಲುಗಾರರ ಮನೆಯವರ ಕಾಲು ಹಿಡಿದು, ಹಳೇ ದಿನಚರಿ ಕೂತು ನಕಲು ಮಾಡ್ಕೊಂಡು ಬಂದೆ. ಎರಡು ಪೆಟ್ಟಿಗೆ ತುಂಬ ಇತ್ತು. ಒಂದು ದಿನ ಪೆಟ್ಟಿಗೆ ಕಾಣಲಿಲ್ಲ. ಮನೆ ಬದಲಾಯಿಸುವಾಗ ಕಳೆದುಹೋಗಿರಬೇಕು ಅಂದ್ರು ಇವರು. ನಂಬಿದೆ."

"ಆಮೇಲೆ?"

"ಆಮೇಲೆ ಈ ಪುಸ್ತಕ ಬಂತು. ಹೆಸರಿನ ಸಮೇತ, ಮುನ್ನುಡಿ ಸಮೇತ. ಬರೆದವಳು ಇವರ ಶಿಷ್ಯೆ. 'ನನ್ನ ಗುರುಗಳು ಮೂವತ್ತು ವರ್ಷ ಕರಾವಳಿ ಅಲೆದು ಸಂಗ್ರಹಿಸಿದ ಟಿಪ್ಪಣಿಗಳನ್ನು ಉದಾರವಾಗಿ ನನಗೆ ಕೊಟ್ಟರು.'" ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿ ಆಕೆ ನಕ್ಕರು. "ಕರಾವಳಿ ಅಲೆದ್ರಂತೆ! ಆ ಮನುಷ್ಯ ಸಮುದ್ರ ನೋಡಿದ್ದೇ ನನ್ನನ್ನ ನೋಡೋಕೆ ಬಂದಾಗ. ಮರಳು ಚಪ್ಪಲಿಯೊಳಗೆ ಹೋಗತ್ತೆ ಅಂತ ಗಾಡಿಯಿಂದ ಇಳಿದಿರಲಿಲ್ಲ."

ಯಾರೂ ನಗಲಿಲ್ಲ.

"ಅವರ ಎದುರು ಕೂತು ಆ ಮುನ್ನುಡಿ ಗಟ್ಟಿಯಾಗಿ ಓದಿದೆ. ಎರಡು ಸಲ. ಅವರು ಬಾಯಿ ಬಿಡಲಿಲ್ಲ. ನಾನೂ ಮಾತು ಬಿಟ್ಟೆ. ಊಟ ಬಡಿಸ್ತಿದ್ದೆ, ಕೈ ಹಿಡಿದು ನಡೆಸ್ತಿದ್ದೆ, ಮಾತು ಮಾತ್ರ ಇಲ್ಲ. ಎಂಟನೇ ದಿನ ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಎದ್ದಿಲ್ಲ." ಆಕೆ ಕಣ್ಣು ಒರೆಸಿಕೊಳ್ಳಲಿಲ್ಲ; ಅದು ಒಣಗಿಯೇ ಇತ್ತು. "ಒಬ್ಬಳೇ ಕೂತು ಪೂರ್ತಿ ಓದಿ ಮುಗಿಸಿದೆ. ಬರೆದೆ. ರುಜು ಸುಳ್ಳು ಹಾಕಿದೆ, ತಾರೀಖು ಸುಳ್ಳು ಹಾಕೋಕೆ ಕೈ ಬರ್ಲಿಲ್ಲ."

ಹೆಸರಿನ ಸಮೇತವೇ? ಕತ್ತರಿ ನೆನಪು ಕೆದಕಿದಳು.

ಆ ಪಾರ್ಸೆಲ್ ಕಟ್ಟಿದ ದಿನ ಅಮ್ಮನಿಗೆ ಜ್ವರ. ಮೇಜಿನ ಮೇಲೆ ಎರಡೂ ಪ್ರತಿ ಅಕ್ಕಪಕ್ಕ ಇದ್ದವು. ಟಪಾಲಿನ ಹೊತ್ತು ಮೀರುತ್ತಿತ್ತು. ಯಾವುದನ್ನು ಸುತ್ತಿದೆ? ಎಷ್ಟು ಹಿಂಡಿದರೂ ನೆನಪು ಬರಲಿಲ್ಲ. ಬೋಳು ಪ್ರತಿ ಬೀರುವಿಗೆ ಹೋಗಿ, ಹೆಸರಿರುವುದು ಇಲ್ಲಿಗೆ ಬಂದಿದೆ. ಇಲ್ಲಿಂದ ಹಿಂತಿರುಗಿ ಬಂದಾಗ ಲಕೋಟೆ ಒಡೆದವನು ಮಾವ. ಅಕ್ಕನ ಮಗಳ ತಪ್ಪು ಕಂಡಿದೆ. ಉಸಿರೆತ್ತದೆ ಎರಡನ್ನೂ ಅದಲುಬದಲು ಮಾಡಿ ಅವುಗಳ ಜಾಗಕ್ಕೆ ಸೇರಿಸಿದ್ದಾನೆ. ಈಗ ಅವಳ ಪಾಲಿನದನ್ನೆಲ್ಲ ಹೊತ್ತು ನೆಲ ನೋಡುತ್ತ ನಿಂತಿದ್ದಾನೆ.

"ಆ ಹದಿನಾಲ್ಕು ಪುಟ ನಿಮಗೆ ಬರಬಾರದಿತ್ತು," ಅಂದಳು. "ಅದನ್ನ ತೆಗೆಯೋಕೇ ನನ್ನನ್ನ ಇಟ್ಕೊಂಡಿರೋದು. ತಪ್ಪು ಪ್ರತಿ ಕಳಿಸಿದ್ದು ನಾನು."

ಆಕೆ ಅವಳನ್ನೇ ನೋಡಿದರು. ಬೈಗುಳ ಬರುತ್ತದೆಂದು ಕತ್ತರಿ ಕಾದಳು.

"ಕಡೇ ಎಂಟು ದಿನ ಕಣೇ," ಅಂದರು ಆಕೆ ಮೆಲ್ಲಗೆ. "ನಲವತ್ತಾರು ವರ್ಷ ಜೊತೆಗಿದ್ದವರ ಕಡೇ ಎಂಟು ದಿನ."

ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ವಾಸಿಯಿತ್ತು.

ಅಜ್ಜ ಗಂಟಲು ಸರಿಮಾಡಿಕೊಂಡರು. "ತಾಯಿ, ನಿಮ್ಮ ನೋವು ದೊಡ್ಡದು. ಆದ್ರೆ ಮೂರು ಗಂಟೆಗೆ ಏನೂ ಮಾಡದ ಒಬ್ಬ ಮನುಷ್ಯನ ಕೆಲಸ ಹೋಗತ್ತೆ, ಮಾನ ಹೋಗತ್ತೆ. ನೀವು ಬಂದು ಒಂದು ಮಾತು ಹೇಳಿದ್ರೆ ನಿಲ್ಲತ್ತೆ."

"ಹೇಳಿದ್ರೆ ಇಪ್ಪತ್ತಮೂರು ಪುಸ್ತಕಾನೂ ಮತ್ತೆ ಕೆದಕ್ತಾರೆ. ಅವರ ಹೆಸರನ್ನ ಬೀದಿಗೆ ಎಳೀತಾರೆ."

"ಅಷ್ಟೆಲ್ಲ ಆದಮೇಲೂ ಅವರ ಹೆಸರಿನ ಚಿಂತೆನಾ?"

"ಆ ಹೆಸರಿನ ಕೆಳಗೇ ನಾನಿದ್ದೆ ಆರು ವರ್ಷ. ಅದು ಬಿದ್ರೆ ನಾನೂ ಬೀಳ್ತೀನಿ." ಆಕೆ ತಡೆದರು. "ನಿಮ್ಮ ಆಫೀಸಲ್ಲಿ ಒಬ್ಬರಿಗೆ ಗೊತ್ತಿತ್ತು. ಓದೋಳು ನಾನು ಅಂತಲೂ, ಪೆಟ್ಟಿಗೆ ಕಳೆದ ಸಂಗತಿಯೂ. ಅವರು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ."

"ಯಾರು?"

"ನನ್ನ ಗುಟ್ಟು ಕಾಪಾಡಿದವರ ಹೆಸರು ನನ್ನ ಬಾಯಲ್ಲಿ ಬರಲ್ಲ."

ಗಡಿಯಾರ ಒಂದೂವರೆ ದಾಟಿತ್ತು. ಕತ್ತರಿ ಎದ್ದು ನಿಂತಳು. ಕೂತು ಹೇಳುವ ಮಾತಲ್ಲ ಅನ್ನಿಸಿತು.

"ಅಮ್ಮಾ, ಸಮಿತಿ ಮುಂದೆ ನಾನು ಮೊದಲು ಹೇಳ್ತೀನಿ. ಆ ಕೋಣೆಗೆ ಕಾಗದ ಕೊಡೋಕೆ ಹೋದ್ರೂ ನಾನು ಬಾಗಿಲಲ್ಲೇ ಕೊಟ್ಟು ಬರ್ತೀನಿ. ಆದ್ರೂ ಹೇಳ್ತೀನಿ. ತಪ್ಪು ಪ್ರತಿ ಕಳಿಸಿದ್ದು ನಾನು ಅಂತ. ನನ್ನ ಕೆಲಸ ಹೋಗಲಿ. ಅವರು ನನ್ನ ಸೋದರಮಾವ. ನಾನು ಹೇಳಿದಮೇಲೆ ನಿಮಗೆ ಮನಸ್ಸು ಬಂದ್ರೆ ನಿಮ್ಮದು ಹೇಳಿ, ಇಲ್ಲಾಂದ್ರೆ ಬೇಡ. ಸುಮ್ಮನೆ ಬಂದು ಕೂತ್ಕೊಳ್ಳಿ."

ಆಕೆ ಎದ್ದು ಒಳಗೆ ಹೋದರು. ಬಂದಾಗ ಹೊರಗೆ ಹೋಗುವ ಸೀರೆ, ಕೈಯಲ್ಲಿ ಮಡಿಸಿದ ಕಂದು ಕಾಗದ.

"ಪಾರ್ಸೆಲ್ ಸುತ್ತಿದ್ದ ಕಾಗದ. ಒಳ್ಳೇ ದಪ್ಪ ಇರತ್ತೆ, ಪುಸ್ತಕಕ್ಕೆ ಹೊದಿಕೆ ಹಾಕೋಕೆ ಎತ್ತಿಡ್ತೀನಿ. ನೀನು ಹೇಳೋದಕ್ಕೆ ಸಾಕ್ಷಿ ಬೇಕಲ್ಲ."

ಅಜ್ಜ ಮೇಜಿನ ಮೇಲೆ ಅದನ್ನು ಬಿಡಿಸಿದರು. "ವಿಳಾಸದ ಅಕ್ಷರ?"

"ನಂದು," ಅಂದಳು ಕತ್ತರಿ. ಎದೆ ಹಗುರವಾಯಿತು. ಸಾಕ್ಷಿ ಸಿಕ್ಕಿತು. ಮಾವ ಬದುಕಿದ.

"ದಾರ ಮಾತ್ರ ಹಾಳುಮಾಡಿದೆ," ಅಂದರು ಆಕೆ, ಕಾಗದದ ಮಡಿಕೆಯಿಂದ ಪ್ಲಾಸ್ಟಿಕ್ ಹುರಿಯ ಸಿಂಬೆ ತೆಗೆಯುತ್ತ. "ನಿಮ್ಮ ಪಾರ್ಸೆಲ್ಲು ಯಾವಾಗ್ಲೂ ಒಂದು ತುದಿ ಎಳೆದ್ರೆ ಬಿಚ್ಚಿಕೊಳ್ಳೋದು. ಈ ಸಲ ಬಿಚ್ಚೋಕೇ ಬರ್ಲಿಲ್ಲ. ಚಾಕು ಹಾಕಬೇಕಾಯ್ತು."

ಅಜ್ಜನ ಕೈ ನಿಂತಿತು. "ಈ ಸಲ ಮಾತ್ರವಾ?"

"ಈ ಸಲ ಮಾತ್ರ."

ಭೂತಗನ್ನಡಿ ಗಂಟಿನ ಮೇಲೆ ಬಂತು. ಕತ್ತರಿಗೆ ಭೂತಗನ್ನಡಿ ಬೇಕಿರಲಿಲ್ಲ.

ಓದುವವರು ವಯಸ್ಸಾದವರು, ಬೆರಳು ನೋಯಬಾರದು ಎಂದು ಅವಳು ಹಾಕುತ್ತಿದ್ದುದು ಜಾರುಗಂಟು. ಇದು ಅದಲ್ಲ. ಎರಡು ಸುತ್ತು ಸುತ್ತಿ, ತುದಿಯನ್ನು ಕೆಳಗಿನಿಂದ ತೂರಿಸಿ ಬಿಗಿದು, ಮತ್ತೆ ಬಿಚ್ಚಿಕೊಳ್ಳದಂತೆ ಬೆಂಕಿಕಡ್ಡಿ ತಾಗಿಸಿ ತುದಿ ಕರಗಿಸಿದ ಗಂಟು. ಅವಳ ಬೊಗಸೆಯಷ್ಟು ಬಾಲ್ಯದಲ್ಲಿ ಈ ಗಂಟು ಎಲ್ಲ ಕಡೆ ಇತ್ತು. ಕೊಂಡಿ ಮುರಿದ ಶಾಲೆಯ ಚೀಲಕ್ಕೆ, ಮುಚ್ಚಳ ಸಡಿಲವಾದ ಊಟದ ಡಬ್ಬಿಗೆ, ಬಟ್ಟೆ ಒಣಗಿಸುವ ಹಗ್ಗಕ್ಕೆ. ಕಟ್ಟುತ್ತಿದ್ದವನು ಒಬ್ಬನೇ.

ಅಂದರೆ ಅವಳು ಕಳಿಸಿದ್ದು ಸರಿಯಾದ ಪ್ರತಿಯೇ. ಅವಳು ಕಟ್ಟಿ ಕೊಟ್ಟ ಮೇಲೆ ಯಾರೋ ಬಿಚ್ಚಿದ್ದಾರೆ. ಬೋಳು ಪ್ರತಿ ತೆಗೆದು, ಆ ಹದಿನಾಲ್ಕು ಪುಟ ಯಾರ ಎದೆಗೆ ನಾಟುತ್ತದೆಂದು ತಿಳಿದೇ, ಹೆಸರಿರುವುದನ್ನು ಒಳಗಿಟ್ಟು ಮತ್ತೆ ಕಟ್ಟಿದ್ದಾರೆ. ಬೀಗದ ಕೈ ಒಂದೇ. ಗುಟ್ಟು ಗೊತ್ತಿದ್ದವನೂ ಒಬ್ಬನೇ.

ಯಾಕೆ ಮಾವ?

"ಮಗೂ," ಅಜ್ಜ ತಲೆಯೆತ್ತದೆ ಕೇಳಿದರು. "ಈ ಗಂಟು ಯಾರದ್ದು?"

ಪ್ರೊಫೆಸರರ ಹೆಂಡತಿ ಮುಖ ಬೇರೆ ಕಡೆ ತಿರುಗಿಸಿದರು. ಅವರಿಗೂ ಈಗಷ್ಟೇ ಏನೋ ಹೊಳೆದಂತಿತ್ತು.

"ನಂದೇ," ಅಂದಳು ಕತ್ತರಿ.

"ಸರಿಯಾಗಿ ನೋಡು."

"ನಂದೇ ಅಜ್ಜ. ಅವತ್ತು ಅವಸರ ಇತ್ತು."

ಅಜ್ಜ ಭೂತಗನ್ನಡಿ ಜೇಬಿಗೆ ಹಾಕಿಕೊಂಡರು. ಸಿಂಬೆಯಿಂದ ಒಂದು ಮೊಳ ಹುರಿ ಎಳೆದು ಕತ್ತರಿಸಿದರು. ಕೋಟಿನ ಒಳಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಹುರಿಯ ಪಕ್ಕದಲ್ಲಿ, ಅವಳ ಮುಂದೆ ಇಟ್ಟರು.

"ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ. ಇಂಥದ್ದೇ ಇನ್ನೊಂದು ಕಟ್ಟಿ ತೋರಿಸು."

ಅವಳು ಹುರಿ ಕೈಗೆತ್ತಿಕೊಂಡಳು. ಶಾಲೆಗೆ ಹೋದ ಅಷ್ಟೂ ವರ್ಷ, ದಿನಾ ಮಧ್ಯಾಹ್ನ, ಹಸಿವಿನಲ್ಲಿ ಉಗುರು ಹಾಕಿ, ಹಲ್ಲು ಹಾಕಿ, ಆ ಗಂಟನ್ನು ಬಿಚ್ಚಿದ್ದಳು.

ಒಂದು ಸಲವೂ ಕಟ್ಟಿರಲಿಲ್ಲ.